ನಾಲ್ಕು ಗೆರೆ, ಒಂದಿಷ್ಟು ಅಂಕಿ: ಟ್ಯಾಬ್ ನೋಡಿ ಬೇಸ್ ಗಿಟಾರ್ ಕಲಿಯುವುದು

ಬೇಸ್ ಗಿಟಾರಿನ ಟ್ಯಾಬ್, ಅಂದರೆ ಗೆರೆ ಮತ್ತು ಅಂಕಿಯ ಸ್ವರಲಿಪಿ, ಓದುವುದನ್ನು ಯಾರಿಗೆ ಬೇಕಾದರೂ ಹತ್ತು ನಿಮಿಷದಲ್ಲಿ ಹೇಳಿಕೊಡಬಹುದು. ಅಡ್ಡಡ್ಡ ನಾಲ್ಕು ಗೆರೆ, ಗೆರೆಗೊಂದು ತಂತಿ. ಮೇಲಿನದು ಜಿ, ಅದರ ಕೆಳಗೆ ಡಿ, ಆಮೇಲೆ ಎ, ತಳದಲ್ಲಿ ದಪ್ಪನೆಯ ಇ. ಗೆರೆಯ ಮೇಲೆ ಕೂತಿರುವ ಅಂಕಿ ಎಷ್ಟನೇ ಫ್ರೆಟ್ (ವಾದ್ಯದ ಕುತ್ತಿಗೆಯ ಮೇಲಿನ ಲೋಹದ ಕಂಬಿ) ಒತ್ತಬೇಕು ಅನ್ನುತ್ತದೆ. ಸೊನ್ನೆ ಇದ್ದರೆ ಏನೂ ಒತ್ತದೆ ಖಾಲಿ ತಂತಿ ಮೀಟುವುದು. ಎಡದಿಂದ ಬಲಕ್ಕೆ ಓದುತ್ತಾ ಹೋದರಾಯಿತು.

ಈ ಸುಲಭವೇ ಆಮೇಲೆ ಕೈ ಕೊಡುತ್ತದೆ. ಅಂಕಿಗಳನ್ನೆಲ್ಲ ಸರಿಯಾಗಿ ಒತ್ತಿದರೂ ಹಾಡು ಹಾಡಿನಂತೆ ಕೇಳುವುದಿಲ್ಲ. ಎಲ್ಲೋ ಬೆರಳು ತಪ್ಪಿರಬೇಕು ಅಂದುಕೊಂಡು ಮತ್ತೆ ಮತ್ತೆ ಅಂಕಿಗಳನ್ನೇ ದಿಟ್ಟಿಸುತ್ತೇವೆ. ಅಂಕಿ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ಟ್ಯಾಬ್ ಬರೆಯದೇ ಬಿಟ್ಟ ಭಾಗ. ಎಲ್ಲಿ ಒತ್ತಬೇಕು ಅನ್ನುವುದು ಅಲ್ಲಿದೆ. ಯಾವಾಗ ಮೀಟಬೇಕು, ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಬಾಯಿ ಮುಚ್ಚಬೇಕು ಅನ್ನುವುದು ಇಲ್ಲ. ಗಿಟಾರ್ ನುಡಿಸುವವರಿಗೆ ಇದೊಂದು ಕೊರತೆ ಅಷ್ಟೆ. ಬೇಸ್ ನುಡಿಸುವವರಿಗೆ ಅದೇ ಮುಖ್ಯ ಕೆಲಸ.

ಮೊದಲು ಸಣ್ಣಪುಟ್ಟ ಎಡವಟ್ಟುಗಳನ್ನು ಮುಗಿಸಿಬಿಡೋಣ. ಗಿಟಾರ್ ಹಿಡಿದು ಕೆಳಗೆ ನೋಡಿದರೆ ದಪ್ಪ ತಂತಿ ಮೇಲೆ ಕಾಣುತ್ತದೆ, ಟ್ಯಾಬಿನಲ್ಲಿ ಅದು ತಳದಲ್ಲಿದೆ. ಹೊಸಬರು ತಲೆಕೆಳಗಾಗಿ ನುಡಿಸುವುದು ಇದರಿಂದಲೇ. ವಾದ್ಯವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ನೋಡಿ, ಎರಡೂ ತಾಳೆಯಾಗುತ್ತವೆ. ಫ್ರೆಟ್ ಒತ್ತುವುದೆಂದರೆ ಲೋಹದ ಕಂಬಿಯ ಮೇಲೆ ಒತ್ತುವುದಲ್ಲ, ಅದರ ಹಿಂದೆಯೇ, ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ) ಕಡೆಗೆ. ಕಂಬಿಯಿಂದ ದೂರ ಒತ್ತಿದಷ್ಟೂ ಹೆಚ್ಚು ಬಲ ಬೇಕು, ತಂತಿ ಗರ್ ಅನ್ನುತ್ತದೆ. ಚುಕ್ಕೆಗಳು 3, 5, 7, 9ರಲ್ಲಿ ಒಂದೊಂದು, 12ರಲ್ಲಿ ಎರಡು. ಪ್ರತಿಸಲ ನಟ್‌ನಿಂದ ಎಣಿಸುತ್ತಾ ಬರುವ ಅಗತ್ಯವಿಲ್ಲ.

ಟ್ಯಾಬಿನ ತಲೆಯಲ್ಲಿ ಟ್ಯೂನಿಂಗ್ ಬರೆದಿರುತ್ತಾರೆ. ಅದನ್ನು ಓದದೆ ಕೆಳಗಿಳಿಯಬೇಡಿ. ಸಾಮಾನ್ಯ ಶ್ರುತಿಯಲ್ಲಿ ಇ 41.2 ಹರ್ಟ್ಸ್, ಎ 55, ಡಿ 73.4, ಜಿ 98. ಎಷ್ಟೋ ರಾಕ್ ತಂಡಗಳು ನಾಲ್ಕೂ ತಂತಿಗಳನ್ನು ಅರ್ಧ ಸ್ವರ, ಅಂದರೆ ಒಂದು ಫ್ರೆಟ್ಟಿನಷ್ಟು, ಇಳಿಸಿಕೊಳ್ಳುತ್ತವೆ, ಕೆಲವು ಇ ತಂತಿಯೊಂದನ್ನೇ ಡಿಗೆ ಇಳಿಸುತ್ತವೆ. ಮೂಲ ಹಾಡಿನ ಜೊತೆ ನುಡಿಸುವಾಗ ಮೊದಲಿಂದ ಕೊನೆಯವರೆಗೂ ಒಂದೇ ಸಮ ಅಪಸ್ವರ ಕೇಳುತ್ತಿದ್ದರೆ ದೋಷ ಬೆರಳಿನದಲ್ಲ, ಟ್ಯೂನಿಂಗಿನದು. ನಾಲ್ಕರ ಬದಲು ಐದು ಗೆರೆ ಕಂಡರೆ ಅದು ಐದು ತಂತಿಯ ಬೇಸಿನದು. ಕೆಳಗೊಂದು ಬಿ ತಂತಿ ಸೇರಿದೆ.

ಇನ್ನು ಕೈಯಳತೆ. ಸಾಮಾನ್ಯ ಬೇಸಿನಲ್ಲಿ ನಟ್‌ನಿಂದ ಬ್ರಿಜ್‌ವರೆಗೆ (ವಾದ್ಯದ ಒಡಲ ಮೇಲೆ ತಂತಿಗಳು ಕೂರುವ ಕುದುರೆ) ತಂತಿಯ ಉದ್ದ 34 ಇಂಚು. ಮೊದಲ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂಟಿಮೀಟರ್. ಇಪ್ಪತ್ತೈದೂವರೆ ಇಂಚಿನ ಗಿಟಾರಿನಲ್ಲಿ ಇದೇ ಅಂತರ ಹತ್ತು ಸೆಂಟಿಮೀಟರ್ ಕೂಡ ಇಲ್ಲ. ಹಾಗಾಗಿ ಬೆರಳಿಗೊಂದು ಫ್ರೆಟ್ ಎಂಬ ಗಿಟಾರಿನ ನಿಯಮವನ್ನು ಮೊದಲ ನಾಲ್ಕು ಫ್ರೆಟ್‌ಗಳಲ್ಲಿ ಹಟ ಹಿಡಿದು ಪಾಲಿಸಿದರೆ ಮಣಿಕಟ್ಟು ನೋಯುವುದಷ್ಟೇ ಲಾಭ. ಅಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಸಾಕು. ಉಂಗುರಬೆರಳು ಕಿರುಬೆರಳಿನ ಬೆನ್ನಿಗೆ ನಿಂತು ಬಲ ಕೊಡಲಿ. ನಿಂತು ನುಡಿಸುವ ದೊಡ್ಡ ಡಬಲ್ ಬೇಸಿನವರ ಪದ್ಧತಿ ಇದು. ಐದನೇ ಫ್ರೆಟ್ ದಾಟಿದ ಮೇಲೆ ನಾಲ್ಕು ಬೆರಳಿಗೆ ನಾಲ್ಕು ಫ್ರೆಟ್ ಆರಾಮಾಗಿ ಸಿಗುತ್ತವೆ.

ಈಗ ಲಯದ ವಿಷಯ. ಟ್ಯಾಬಿನಲ್ಲಿ ಲಯ ಇಲ್ಲದಿರುವುದು ಟ್ಯಾಬಿನ ಹುಟ್ಟುಗುಣವಲ್ಲ. 1507ರಲ್ಲಿ ವೆನಿಸ್ ನಗರದಲ್ಲಿ ಒಟ್ಟಾವಿಯಾನೋ ಪೆಟ್ರುಚ್ಚಿ ಅಚ್ಚು ಹಾಕಿದ, ಫ್ರಾನ್ಚೆಸ್ಕೋ ಸ್ಪಿನಾಚಿನೋ ರಚನೆಗಳ ಲ್ಯೂಟ್ (ಗಿಟಾರಿನಂಥ ಹಳೆಯ ತಂತಿವಾದ್ಯ) ಪುಸ್ತಕಗಳೂ ಟ್ಯಾಬೇ. ಗೆರೆ ತಂತಿಗೆ, ಅಂಕಿ ಫ್ರೆಟ್ಟಿಗೆ. ಆದರೆ ಅಲ್ಲಿ ಗೆರೆಗಳ ನೆತ್ತಿಯ ಮೇಲೆ ಬಾಲವಿರುವ ಸಣ್ಣ ಕಡ್ಡಿಗಳಿದ್ದವು, ಸ್ವರದ ಕಾಲ ಎಷ್ಟು ಅಂತ ತೋರಿಸಲು. (ಆ ಕಾಲದ ಇಟಲಿಯ ಟ್ಯಾಬಿನಲ್ಲಿ ದಪ್ಪ ತಂತಿಯ ಗೆರೆ ಮೇಲಿರುತ್ತಿತ್ತು, ಇಂದಿನದಕ್ಕೆ ಪೂರಾ ಉಲ್ಟಾ. ತಲೆಕೆಳಗಾಗಿ ಓದುವ ಹೊಸಬರು ಅಷ್ಟರಮಟ್ಟಿಗೆ ಸಂಪ್ರದಾಯಸ್ಥರೇ.) ಕೀಬೋರ್ಡಿನ ಅಡ್ಡಗೆರೆ ಮತ್ತು ಅಂಕಿಗಳನ್ನಷ್ಟೇ ಬಳಸಿ ಇಂಟರ್ನೆಟ್ಟಿನಲ್ಲಿ ಹಾಡು ಹಂಚಿಕೊಳ್ಳತೊಡಗಿದಾಗ ಆ ಬಾಲದ ಕಡ್ಡಿಗಳು ಉದುರಿಹೋದವು. ಹಾಡು ಹೇಗೂ ಎಲ್ಲರ ಕಿವಿಯಲ್ಲಿದೆಯಲ್ಲ ಎಂಬ ಧೈರ್ಯ. 1997ರಿಂದ ಬಂದ ಗಿಟಾರ್ ಪ್ರೋದಂಥ ತಂತ್ರಾಂಶಗಳು, ಉಚಿತವಾಗಿ ಸಿಗುವ ಟಕ್ಸ್‌ಗಿಟಾರ್, ಮ್ಯೂಸ್‌ಸ್ಕೋರ್ ಲಯವನ್ನು ಮತ್ತೆ ಸೇರಿಸಿವೆ. ಆಯ್ಕೆ ಇದ್ದಾಗ ಆ ಬಗೆಯ ಟ್ಯಾಬನ್ನೇ ತೆಗೆದುಕೊಳ್ಳಿ. ಸಿಗದಿದ್ದರೆ ಬರೀ ಅಂಕಿಯ ಟ್ಯಾಬಿಗೆ ಲಯವನ್ನು ನಾವೇ ಹಾಕಿಕೊಳ್ಳಬೇಕು.

ಅದಕ್ಕೆ ನಮ್ಮ ಕೈಯಲ್ಲೇ ಒಳ್ಳೆಯ ಸಾಧನವಿದೆ. ನಾಲ್ಕು ಬೀಟಿನ ಬಾರ್ (ತಾಳದ ಒಂದು ಸುತ್ತು) ಒಂದನ್ನು ಬೀಟಿಗೆ ನಾಲ್ಕರಂತೆ ಹದಿನಾರು ಮನೆ ಮಾಡಿ. ಪ್ರತಿ ಬೀಟಿನ ನಾಲ್ಕು ಮನೆಗೆ ತ, ಕ, ಧಿ, ಮಿ. ಹಾಡು ಕೇಳುತ್ತಾ ಬಾಯಲ್ಲಿ ತಕಧಿಮಿ ಹೇಳಿಕೊಳ್ಳಿ. ಬೇಸ್ ಯಾವ ಅಕ್ಷರದ ಮೇಲೆ ಬೀಳುತ್ತದೆ ಅನ್ನುವುದು ಎರಡು ಮೂರು ಸುತ್ತಿನಲ್ಲಿ ಗೊತ್ತಾಗುತ್ತದೆ. ಹಾಗೆ ಹರಡಿ ಬರೆದ ಒಂದು ಬಾರ್ ಹೀಗಿರುತ್ತದೆ (ಮೀಟದ ಜಿ ಗೆರೆ ಬಿಟ್ಟಿದೆ):

ಡಿ |----|----|--5-|----|
ಎ |----|----|----|----|
ಇ |3--3|--3-|×---|--3-|

ಮೊದಲ ಬೀಟಿನಲ್ಲಿ ‘ತ’ ಮತ್ತು ‘ಮಿ’, ಎರಡನೆಯದರಲ್ಲಿ ‘ಧಿ’. ಮೂರನೆಯದರಲ್ಲಿ ‘ತ’ ಮೇಲೆ ಒಂದು ಸತ್ತ ಸ್ವರ (×, ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಟಕ್ ಸದ್ದು), ‘ಧಿ’ ಮೇಲೆ ಒಂದು ಸ್ಥಾಯಿ ಮೇಲಿನ ಜಿ. ನಾಲ್ಕನೆಯದರಲ್ಲಿ ಮತ್ತೆ ‘ಧಿ’. ಮೂರರ ಗುಂಪಿಗೆ ತಕಿಟ, ಎರಡಕ್ಕೆ ತಕ ಅಂತ ಇಟ್ಟುಕೊಂಡು ಮೀಟಿನಿಂದ ಮೀಟಿಗೆ ಇರುವ ಅಂತರವನ್ನೇ ಹೇಳಿದರೆ ಇದು ‘ತಕಿಟ ತಕಿಟ ತಕ ತಕ ತಕಧಿಮಿ ತಕ’. ಮೂರು, ಮೂರು, ಎರಡು, ಎರಡು, ನಾಲ್ಕು, ಎರಡು, ಒಟ್ಟು ಹದಿನಾರು. ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಒಂದು ಮೀಟು. ಇದೇ ಬಾರನ್ನು ಅಂತರವಿಲ್ಲದೆ ಮೂರು-ಮೂರು-ಮೂರು-ಸತ್ತದ್ದು-ಐದು-ಮೂರು ಅಂತ ಒತ್ತೊತ್ತಾಗಿ ಬರೆದುಬಿಟ್ಟರೆ ಅದರಿಂದ ನೂರು ಬೇರೆ ಬೇರೆ ಲಯ ಹುಟ್ಟಿಸಬಹುದು. ಬಹುಪಾಲು ಟ್ಯಾಬ್‌ಗಳು ಹಾಗೆಯೇ ಇರುತ್ತವೆ.

ಕೈಗೆ ತರುವ ಕ್ರಮವೂ ಮುಖ್ಯ. ಎರಡು ಬಾರ್ ಮಾತ್ರ ತೆಗೆದುಕೊಂಡು ಮೊದಲು ಬಾಯಲ್ಲಿ ಹೇಳಿ. ಆಮೇಲೆ ಎಡಗೈಯನ್ನು ತಂತಿಗಳ ಮೇಲೆ ಸಡಿಲವಾಗಿ ಹರಡಿಟ್ಟು, ಯಾವ ಫ್ರೆಟ್ಟೂ ಒತ್ತದೆ, ಬಲಗೈಯಲ್ಲಿ ಲಯವನ್ನಷ್ಟೇ ಟಕ್ ಟಕ್ ಅಂತ ಮೀಟಿ. ಅದು ಹಾಡಿನ ಜೊತೆ ಕೂತ ಮೇಲೆ ಫ್ರೆಟ್‌ಗಳನ್ನು ಸೇರಿಸಿ. ಹೆಚ್ಚಿನವರು ಇದನ್ನು ಹಿಂದುಮುಂದಾಗಿ ಮಾಡುತ್ತಾರೆ, ಮೊದಲು ಅಂಕಿ, ಆಮೇಲೆ ವೇಗ, ಲಯ ತಾನಾಗಿ ಬರಲಿ ಅಂತ. ಬರುವುದಿಲ್ಲ. ಮೆಟ್ರೋನೋಮ್ (ಟಕ್ ಟಕ್ ಅಂತ ತಾಳ ಹಾಕುವ ಸಾಧನ) ಹಾಡಿನ ವೇಗದ ಅರವತ್ತು ಪ್ರತಿಶತಕ್ಕೆ ಇಟ್ಟು ಐದೈದಾಗಿ ಏರಿಸಿ. ತಪ್ಪಿದರೆ ಹತ್ತು ಇಳಿಸಿ. ನಿಧಾನದಲ್ಲೊಂದು ಬಲೆಯಿದೆ. ನಿಮಿಷಕ್ಕೆ 120 ಬೀಟಿನ ವೇಗದಲ್ಲಿ ಒಂದು ಮನೆ 125 ಮಿಲಿಸೆಕೆಂಡ್, 60ರಲ್ಲಿ 250. ನಿಧಾನದಲ್ಲಿ ಒಂದು ಮನೆಯ ಸ್ವರವೂ ಉದ್ದವಾಗಿಯೇ ಕೇಳುವುದರಿಂದ ಎಲ್ಲ ಸ್ವರಗಳನ್ನೂ ಮುಂದಿನದು ಬರುವವರೆಗೆ ಎಳೆಯುವ ಚಾಳಿ ಕೈಗೆ ಹತ್ತುತ್ತದೆ. ವೇಗ ಹೆಚ್ಚಿದ ಮೇಲೂ ಅದು ಬಿಡುವುದಿಲ್ಲ.

ಸ್ವರದ ಉದ್ದವನ್ನು ಟ್ಯಾಬ್ ಪೂರ್ತಿ ಮರೆತಿದೆ. ಮೇಲಿನ ಬಾರಿನ ಮೊದಲ 3 ಒಂದೇ ಮನೆ ನಿಂತು ಸುಮ್ಮನಾಗಬೇಕೋ, ಮೂರೂ ಮನೆ ತುಂಬಬೇಕೋ? ಎರಡಕ್ಕೂ ಬರವಣಿಗೆ ಒಂದೇ. ಕಿವಿಗೆ ಮಾತ್ರ ಅವು ಎರಡು ಬೇರೆ ಹಾಡು. ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ (1980) ಹಾಡಿನಲ್ಲಿ ಜಾನ್ ಡೀಕನ್ ನುಡಿಸಿದ ಸಾಲಿನ ಜೀವ ಇರುವುದು ಮೂರು ಖಾಲಿ ಇ ಸ್ವರಗಳಲ್ಲಿ. ಟ್ಯಾಬಿನಲ್ಲಿ ಅದು ತಳದ ಗೆರೆಯ ಮೇಲೆ ಮೂರು ಸೊನ್ನೆ, ಅಷ್ಟೇ. ಮೊದಲ ದಿನವೇ ನುಡಿಸಬಹುದು ಅನ್ನಿಸುತ್ತದೆ. ಆದರೆ ಖಾಲಿ ತಂತಿ ತಾನಾಗಿ ನಿಲ್ಲುವುದಿಲ್ಲ. ಒತ್ತಿದ ಸ್ವರವಾದರೆ ಬೆರಳು ಸಡಿಲಿಸಿದರೆ ಸಾಕು, ಸೊನ್ನೆಯನ್ನು ನಿಲ್ಲಿಸಲು ಯಾರಾದರೂ ಮುಟ್ಟಬೇಕು. ಎಡಗೈಯ ಎರಡು ಮೂರು ಬೆರಳುಗಳನ್ನು ಒಟ್ಟಿಗೆ ಚಪ್ಪಟೆಯಾಗಿ ತಂತಿಗೆ ತಾಗಿಸಿ, ಅಥವಾ ಬಲಗೈಯಲ್ಲಿ ಮುಂದೆ ಮೀಟಲಿರುವ ಬೆರಳನ್ನು ಮೊದಲೇ ತಂತಿಯ ಮೇಲೆ ಊರಿ. ಎಡಗೈಯ ಒಂದೇ ಬೆರಳು ತಾಗಿದರೆ, ಅದೂ ಐದು, ಏಳು ಅಥವಾ ಹನ್ನೆರಡನೇ ಫ್ರೆಟ್ಟಿನ ನೆತ್ತಿಯಲ್ಲಿ, ತಂತಿ ಸುಮ್ಮನಾಗುವ ಬದಲು ಗಂಟೆಯಂತೆ ಹಾರ್ಮೋನಿಕ್ ನುಡಿಯುತ್ತದೆ. ಅದಕ್ಕೇ ಎರಡು ಮೂರು ಬೆರಳು.

ವಾದ್ಯವೂ ಉದ್ದವನ್ನು ನಿರ್ಧರಿಸುತ್ತದೆ. ಅಮೆರಿಕದ ಮೋಟೌನ್ ಸ್ಟುಡಿಯೋದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಳಸಿದ ಫೆಂಡರ್ ಪ್ರಿಸಿಷನ್ ಬೇಸಿನಲ್ಲಿ ಬ್ರಿಜ್ ಮುಚ್ಚಳದಡಿ ಸ್ಪಂಜಿನ ತುಂಡಿತ್ತು. ತಂತಿಗಳು ನುಣುಪು ಸುತ್ತಿನವು, ಹಳೆಯವು, ಅವನ್ನು ಅವರು ಬದಲಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಬಲಗೈಯಲ್ಲಿ ಮೀಟುತ್ತಿದ್ದುದು ತೋರುಬೆರಳೊಂದರಿಂದಲೇ. ಸ್ವರ ದುಂಡಗೆ ಹುಟ್ಟಿ ಬೇಗ ಮುಗಿಯುತ್ತಿತ್ತು. ಅವರ ಸಾಲುಗಳನ್ನು ಹೊಸ ರೌಂಡ್‌ವೌಂಡ್ (ಒರಟು ಸುತ್ತಿನ) ತಂತಿ ಹಾಕಿದ ಬೇಸಿನಲ್ಲಿ ಟ್ಯಾಬ್ ಪ್ರಕಾರ ಚಾಚೂ ತಪ್ಪದೆ ನುಡಿಸಿದರೂ ಸ್ವರಗಳು ಒಂದರ ಮೇಲೊಂದು ಬಿದ್ದು ಕೆಸರಾಗುತ್ತವೆ. ಬ್ರಿಜ್ ಬಳಿ ತಂತಿಗಳ ಕೆಳಗೆ ಸಣ್ಣ ಸ್ಪಂಜೊಂದನ್ನು ತುರುಕಿ ನೋಡಿ. ಹತ್ತು ರೂಪಾಯಿಯ ಪಾತ್ರೆ ತಿಕ್ಕುವ ಸ್ಪಂಜೇ ಸಾಕು, ಒರಟು ಪದರ ಕಿತ್ತು ಹಾಕಿ.

ಸಂಕೇತಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಅಂಕಿಗಳ ನಡುವೆ ಎಚ್ ಇದ್ದರೆ ಹ್ಯಾಮರ್ ಆನ್ (ಮತ್ತೆ ಮೀಟದೆ ಎಡಗೈ ಬೆರಳು ಬಡಿದು ಮುಂದಿನ ಸ್ವರ ಹುಟ್ಟಿಸುವುದು), ಪಿ ಇದ್ದರೆ ಪುಲ್ ಆಫ್ (ಎಡಗೈ ಬೆರಳು ಎಳೆದು ಬಿಟ್ಟು ಕೆಳಗಿನ ಸ್ವರ ಹುಟ್ಟಿಸುವುದು), ಓರೆಗೆರೆ ಇದ್ದರೆ ಜಾರುವುದು, ಆವರಣದೊಳಗಿನ ಅಂಕಿ ಕೇಳಿಯೂ ಕೇಳದಂಥ ಮೆಲು ಸ್ವರ. ತಂತಿಗೆ ಹೆಬ್ಬೆರಳಿಂದ ಹೊಡೆದು ನುಡಿಸುವ ಸ್ಲ್ಯಾಪ್ ಹಾಡುಗಳಲ್ಲಿ ಅದೇ ಪಿ ಅಕ್ಷರ ಗೆರೆಯ ಕೆಳಗೆ ಬಂದರೆ ಪಾಪ್, ಅಂದರೆ ತಂತಿಯನ್ನು ಬೆರಳಿಂದ ಎಳೆದು ಬಿಡುವುದು. ಬೇಸಿನ ಹ್ಯಾಮರ್ ಆನ್ ಗಿಟಾರಿನಷ್ಟು ಸುಲಭವಲ್ಲ. ಇ ತಂತಿ ಸಾಮಾನ್ಯವಾಗಿ 0.105 ಇಂಚು ದಪ್ಪ, ಎರಡನೇ ಸ್ವರ ಸೊರಗಿ ಹೋಗುತ್ತದೆ. ಬೆರಳು ಬಲವಾಗಿ ಬಡಿಯುವುದಕ್ಕಿಂತ ಕಂಬಿಗೆ ಹತ್ತಿರ, ಬೇಗ ಬೀಳಬೇಕು.

ಒಂದೇ ಸ್ವರ ಹಲವು ಕಡೆ ಸಿಗುತ್ತದೆ ಅನ್ನುವುದು ಇನ್ನೊಂದು ತಕರಾರು. ಖಾಲಿ ಡಿ, ಎ ತಂತಿಯ 5, ಇ ತಂತಿಯ 10, ಮೂರೂ ಒಂದೇ ಸ್ವರ. ಖಾಲಿ ತಂತಿಯದು ಹೊಳಪಿನ ನಾದ, ದಪ್ಪ ತಂತಿಯ ಮೇಲ್ಗಡೆಯದು ಗಡಸು, ಮಂದ. ಇವುಗಳಲ್ಲಿ ಯಾವುದು ಅಂತ ಟ್ಯಾಬ್ ಖಚಿತವಾಗಿ ಹೇಳಿದಂತೆ ಕಾಣುತ್ತದೆ. ಅದು ಬರೆದವರು ಆರಿಸಿದ ಜಾಗ, ನುಡಿಸಿದವರದ್ದೇ ಆಗಿರಬೇಕಿಲ್ಲ. ಯಾವ ಬೆರಳು ಅನ್ನುವುದಂತೂ ಇಲ್ಲವೇ ಇಲ್ಲ.

ಕರ್ನಾಟಕ ಸಂಗೀತದ ಸ್ವರಲಿಪಿ ಇದಕ್ಕೆ ಸರಿಯಾಗಿ ತಿರುಗುಮುರುಗು. ಅಲ್ಲಿ ಒಂಟಿ ಗೆರೆ ಅಂಗ ಮುಗಿಯಿತೆಂದು, ಜೋಡಿ ಗೆರೆ ಆವರ್ತ ಮುಗಿಯಿತೆಂದು ಹೇಳುತ್ತದೆ. ಅಲ್ಪವಿರಾಮ ಕಂಡರೆ ಸ್ವರ ಇನ್ನೂ ನಿಂತಿದೆ ಅಂತ. ಕಾಲ ಪೂರ್ತಿ ಇದೆ, ಬೆರಳಿಡುವ ಜಾಗ ಇಲ್ಲ. ಚಿಕ್ಕಂದಿನಲ್ಲಿ ನಾಲ್ಕು ಗೀತೆ ಕಲಿತವರು ಬೇಸಿನ ಮೇಲೆ ಮೊದಲು ಅವನ್ನೇ ಟ್ಯಾಬ್ ಮಾಡಿಕೊಂಡರೆ ಕಾಲದ ಚಿಂತೆ ಬಿಟ್ಟು ಬೆರಳಿನ ಕಡೆ ಗಮನ ಕೊಡಬಹುದು. ಮಲಹರಿಯ ‘ಶ್ರೀ ಗಣನಾಥ’ ಗೀತೆಯ ಮೊದಲ ಮತ್ತು ನಾಲ್ಕನೆಯ ಆವರ್ತ, ಸಿ ಸ್ವರವನ್ನು ಷಡ್ಜ ಮಾಡಿಕೊಂಡರೆ:

ಮ ಪ | ದ ಸ ಸ ರಿ ||
ಜಿ |------|----5--5--6-||
ಡಿ |-3--5-|-6----------||
ಎ |------|------------||

ದ ಪ | ಮ ಗ ರಿ ಸ ||
ಜಿ |------|------------||
ಡಿ |-6--5-|-3--2-------||
ಎ |------|-------4--3-||

ತೋರುಬೆರಳು ಮೂರನೇ ಫ್ರೆಟ್ಟಿನಲ್ಲಿ, ಕಿರುಬೆರಳು ಆರರಲ್ಲಿ ಇರುವಂತೆ ಕೈಯಿಟ್ಟರೆ ಮೊದಲ ಆವರ್ತ ಕೈ ಕದಲಿಸದೆ ಮುಗಿಯುತ್ತದೆ. ಮಧ್ಯಮ ತೋರುಬೆರಳಿಗೆ, ಪಂಚಮ ಉಂಗುರಬೆರಳಿಗೆ, ಧೈವತ ಕಿರುಬೆರಳಿಗೆ, ಮೇಲಿನ ಸ ಮತ್ತು ರಿ ಮತ್ತೆ ಉಂಗುರ, ಕಿರುಬೆರಳಿಗೆ. ತೊಡಕು ಇಳಿಯುವಾಗ. ಮಲಹರಿಯ ಆರೋಹಣದಲ್ಲಿ ಗಾಂಧಾರವಿಲ್ಲ, ಅವರೋಹಣದಲ್ಲಿದೆ, ಮತ್ತು ಅದು ಎರಡನೇ ಫ್ರೆಟ್ಟಿನಲ್ಲಿ, ಕೈಯ ಹಿಡಿತದ ಹೊರಗಿದೆ. ಮಧ್ಯಮ ನುಡಿಸಿದ ತೋರುಬೆರಳನ್ನೇ ಗಾಂಧಾರಕ್ಕೆ ಜಾರಿಸಿದರೆ ಸ್ವರದ ನಡುವೆ ಕೀರಲು ಕೇಳುತ್ತದೆ. ಅದರ ಬದಲು ಧೈವತ ಕಿರುಬೆರಳಲ್ಲಿ ಆದ ತಕ್ಷಣ ಇಡೀ ಕೈಯನ್ನು ಒಂದು ಫ್ರೆಟ್ ಹಿಂದಕ್ಕೆ ತಂದು ಪಂಚಮವನ್ನೂ ಕಿರುಬೆರಳಲ್ಲೇ ಹಿಡಿಯಿರಿ. ಆಗ ಮಧ್ಯಮಕ್ಕೆ ನಡುಬೆರಳು, ಗಾಂಧಾರಕ್ಕೆ ತೋರುಬೆರಳು, ರಿಷಭಕ್ಕೆ ಉಂಗುರ, ಷಡ್ಜಕ್ಕೆ ನಡುಬೆರಳು ತಾವಾಗಿ ಬಂದು ಕೂರುತ್ತವೆ. ಟ್ಯಾಬಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಅಲ್ಲಿರುವುದು 6, 5, 3, 2, 4, 3.

ಶ್ರುತಿ ಬದಲಿಸಬೇಕೆಂದರೆ ಬೇಸ್ ಬಹಳ ಸರಳ. ಗಿಟಾರಿನಲ್ಲಿ ಜಿ ಮತ್ತು ಬಿ ತಂತಿಗಳ ನಡುವೆ ಅಂತರ ಬೇರೆ, ಬೇಸಿನಲ್ಲಿ ಎಲ್ಲ ತಂತಿಗಳ ನಡುವೆಯೂ ಒಂದೇ, ಐದು ಫ್ರೆಟ್. ಹಾಗಾಗಿ ಆಕಾರ ಎಲ್ಲಿಗೆ ಹೋದರೂ ಆಕಾರವೇ. ಗಾಯಕಿಗೆ ಎರಡು ಫ್ರೆಟ್ ಮೇಲೆ ಬೇಕೆಂದರೆ ಎಲ್ಲ ಅಂಕಿಗೂ ಎರಡು ಕೂಡಿಸಿ. ಸೊನ್ನೆಗಳಿರುವ ಸಾಲು ಮಾತ್ರ ಹಾಗೆ ಬಗ್ಗುವುದಿಲ್ಲ. ಸೊನ್ನೆ ಎರಡಾದ ಕೂಡಲೇ ಅದಕ್ಕೂ ಒಂದು ಬೆರಳು ಬೇಕು, ಖಾಲಿ ತಂತಿ ನುಡಿಯುವಾಗ ಕೈ ಸರಿಸಿಕೊಳ್ಳಲು ಸಿಗುತ್ತಿದ್ದ ಬಿಡುವೂ ಹೋಯಿತು.

ಇನ್ನು ಇಂಟರ್ನೆಟ್ಟಿನ ಟ್ಯಾಬ್‌ಗಳ ತಪ್ಪುಗಳು. ಅವು ಬೇಕಾದಷ್ಟಿವೆ, ಆದರೆ ಅವಕ್ಕೂ ಒಂದು ಚಾಳಿಯಿದೆ. ಗಿಟಾರಿನ ರಿಫ್ಫನ್ನೇ (ಮತ್ತೆ ಮತ್ತೆ ಬರುವ ಸಣ್ಣ ಸಾಲು) ಬೇಸ್ ಎಂದು ಬರೆದಿರುತ್ತಾರೆ. ಸ್ಥಾಯಿ ತಪ್ಪಿರುತ್ತದೆ. ಎರಡನೇ ಚರಣಕ್ಕೆ ‘ಮೊದಲಿನಂತೆ’ ಅಂದುಬಿಟ್ಟಿರುತ್ತಾರೆ, ನುಡಿಸಿದವರು ಅಲ್ಲಿ ಬೇರೆಯೇ ಏನೋ ಮಾಡಿರುತ್ತಾರೆ. ಸತ್ತ ಸ್ವರಗಳನ್ನು ಪೂರ್ತಿ ಬಿಟ್ಟಿರುತ್ತಾರೆ. ಪರೀಕ್ಷೆ ಸುಲಭ: ಹಾಡಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಪಕ್ಕದಲ್ಲಿಟ್ಟುಕೊಂಡು ಪ್ರತಿ ಬಾರಿನ ಮೊದಲ ಬೀಟ್ ನೋಡಿ. ಹೆಚ್ಚಿನ ಹಾಡುಗಳಲ್ಲಿ ಅಲ್ಲಿ ಕಾರ್ಡಿನ ಮೂಲಸ್ವರವೇ ಇರುತ್ತದೆ. ಸಿ ಕಾರ್ಡಿನ ಮೊದಲ ಬೀಟಿಗೆ ಎ ತಂತಿಯ 4 ಎಂದಿದ್ದರೆ ಅದು ಸಿ ಅಲ್ಲ, ಅರ್ಧ ಸ್ವರ ಮೇಲಿನದು. ಬರೆದವರ ಕೈ ಒಂದು ಫ್ರೆಟ್ ಜಾರಿದೆ ಅಂತಲೇ ಮೊದಲು ಅನುಮಾನಿಸಿ.

ಪರೀಕ್ಷಿಸಲು ಬೇಸ್ ಕೇಳಿಸಬೇಕಲ್ಲ. ಮೊಬೈಲಿನ ಸ್ಪೀಕರಿನಲ್ಲಿ 41 ಹರ್ಟ್ಸ್ ಬರುವುದೇ ಇಲ್ಲ. ನಾವು ಕೇಳುವುದು ಅದರ ಜೊತೆಗೇ ಹುಟ್ಟುವ ಮೇಲಿನ ಸ್ವರಗಳನ್ನು, ಸ್ಥಾಯಿ ತಪ್ಪುವುದು ಅಲ್ಲಿಂದಲೇ. ಹೆಡ್‌ಫೋನ್ ಹಾಕಿ. ಅದರಲ್ಲೂ ಕಲಸಿಕೊಂಡರೆ ಹಾಡನ್ನು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ತೆರೆದು ಇಡಿಯಾಗಿ ಒಂದು ಸ್ಥಾಯಿ, ಅಂದರೆ ಹನ್ನೆರಡು ಅರ್ಧಸ್ವರ, ಮೇಲಕ್ಕೆತ್ತಿ. ಗಾಯಕರ ದನಿ ಇಲಿಯ ದನಿಯಾಗುತ್ತದೆ, ಬೇಸ್ ಮಾತ್ರ ಗಿಟಾರಿನ ಎತ್ತರಕ್ಕೆ ಬಂದು ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ನಿಧಾನ ಮಾಡುವುದಕ್ಕಿಂತ ಇದು ಹೆಚ್ಚು ಉಪಯೋಗಿ. ವೇಗ ಇಳಿಸಿದಾಗ ಕೆಳಸ್ವರಗಳೇ ಮೊದಲು ಮಸುಕಾಗುತ್ತವೆ.

ಕನ್ನಡ ಹಾಡುಗಳಿಗೆ ಈ ಉಪಾಯ ಬೇಕೇ ಬೇಕು, ಏಕೆಂದರೆ ಅವುಗಳ ಬೇಸ್ ಟ್ಯಾಬ್ ಸಿಗುವುದೇ ಅಪರೂಪ. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಕೊಟ್ಟ ಹಾಡುಗಳನ್ನು ಹೆಡ್‌ಫೋನಿನಲ್ಲಿ ಕೇಳಿ, ಪಲ್ಲವಿಯ ಕೆಳಗೆ ಬೇಸ್ ತನ್ನದೇ ರಾಗವೊಂದನ್ನು ಹೇಳುತ್ತಾ ಹೋಗುತ್ತದೆ. ಅಂಥದ್ದನ್ನು ನಾವೇ ಬರೆದುಕೊಳ್ಳಬೇಕು. ಮೊದಲು ಖಾಲಿ ಬಾರ್‌ಗಳನ್ನು ಹಾಕಿ, ಬಾರಿಗೆ ಹದಿನಾರು ಮನೆ. ತಕಿಟ ನಡೆಯ ಹಾಡಾದರೆ ಬೀಟಿಗೆ ಮೂರು, ಬಾರಿಗೆ ಹನ್ನೆರಡು. ಮೊದಲ ಸುತ್ತಿನಲ್ಲಿ ಬಾರಿನ ಮೊದಲ ಸ್ವರವನ್ನಷ್ಟೇ ತುಂಬಿ. ಎರಡನೇ ಸುತ್ತಿನಲ್ಲಿ ಸ್ವರ ಗೊತ್ತಾಗದಿದ್ದರೂ ಪರವಾಗಿಲ್ಲ, ಮೀಟು ಬೀಳುವ ಮನೆಗಳಿಗೆ ಚುಕ್ಕೆ ಇಡಿ. ಮೂರನೇ ಸುತ್ತಿನಲ್ಲಿ ಚುಕ್ಕೆಗಳನ್ನು ಅಂಕಿ ಮಾಡಿ. ಸ್ವರ ಮುಗಿಯುವ ಮನೆಗೆ ಗೆರೆಯ ಕೆಳಗೆ ಒಂದು ಸಣ್ಣ ಸೊನ್ನೆ ಹಾಕಿಕೊಳ್ಳಿ, ಬೆರಳಿನ ಸಂಖ್ಯೆಯನ್ನು ಕೈ ಸರಿಯುವ ಜಾಗದಲ್ಲಿ ಮಾತ್ರ ಬರೆಯಿರಿ. ತಲೆಯಲ್ಲಿ ಟ್ಯೂನಿಂಗ್, ವೇಗ, ಯಾವ ಧ್ವನಿಮುದ್ರಿಕೆಯಿಂದ ಎತ್ತಿದ್ದು ಅನ್ನುವುದನ್ನು ಹಾಕಿ. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ ಪ್ರತಿಯಾದರೆ ಟೇಪಿನ ವೇಗದಿಂದಾಗಿ ಶ್ರುತಿ ಎರಡು ಫ್ರೆಟ್‌ಗಳ ನಡುವೆ ಎಲ್ಲೋ ನಿಂತಿರಬಹುದು. ಆಗ ವಾದ್ಯದ ತಂತಿಗಳನ್ನು ತಿರುವುತ್ತಾ ಕೂರಬೇಡಿ, ಆಡಾಸಿಟಿಯಲ್ಲಿ ಹಾಡನ್ನೇ ಸ್ವಲ್ಪ ಏರಿಸಿ ಅಥವಾ ಇಳಿಸಿ ಶ್ರುತಿಗೆ ತಂದುಕೊಂಡು ಆಮೇಲೆ ಬರೆಯಲು ಶುರು ಮಾಡಿ.